ಅಮ್ಮ ಕಲಿಸುವ ಮೊದಲ ಪಾಠ

ಮಕ್ಕಳೇ, ಊರಿಗೆ ಹೋದಾಗ ಅಜ್ಜಿ ಮನೆಯಲ್ಲಿ ಗಿಣ್ಣು ತಿಂದಿದ್ದೀರಾ? ಹಸು ಕರು ಹಾಕಿದ ಮೊದಲ ದಿನಗಳಲ್ಲಿ ಕೊಡುವ ದಪ್ಪ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಮಾಡ್ತಾರೆ. ಆದರೆ ಆ ಹಾಲು ಮೊದಲು ಸೇರಬೇಕಾದದ್ದು ಕರುವಿನ ಹೊಟ್ಟೆಗೆ. ಯಾಕೆ ಗೊತ್ತಾ? ಹುಟ್ಟುವಾಗ ಕರುವಿನ ರಕ್ತದಲ್ಲಿ ಪ್ರತಿಕಾಯಗಳು, ಅಂದರೆ ಆಂಟಿಬಾಡಿಗಳು, ಹೆಚ್ಚುಕಡಿಮೆ ಇರುವುದೇ ಇಲ್ಲ. ರೋಗಾಣುಗಳನ್ನು ಗುರುತಿಸಿ, ಅಂಟಿಕೊಂಡು ತಡೆಯುವ ಪ್ರೋಟೀನುಗಳು ಇವು. ಕರುವಿಗೆ ಇವು ಸಿಗುವುದು ಗಿಣ್ಣುಹಾಲಿನಿಂದ.

ನಿಮಗೆ ಇವು ಹುಟ್ಟುವ ಮೊದಲೇ, ಪ್ಲಾಸೆಂಟಾದ ಮೂಲಕ ಅಮ್ಮನ ರಕ್ತದಿಂದ ಬಂದವು. ಎದೆಹಾಲಿನಲ್ಲೂ ಇರುತ್ತವೆ. ಅಮ್ಮನ ರಕ್ತದಿಂದ ಬಂದವು ಕೆಲವು ತಿಂಗಳಲ್ಲಿ ಕರಗಿ ಹೋಗುತ್ತವೆ.

ಇವುಗಳ ಕೆಲಸ ಬರೀ ಕಾವಲು ಕಾಯೋದಾ? 2016ರಲ್ಲಿ ಅಮೆರಿಕದ ಬರ್ಕ್ಲಿಯ ವಿಜ್ಞಾನಿಗಳು ಇಲಿಗಳಲ್ಲಿ ಇದನ್ನೇ ನೋಡಿದರು. ಹುಟ್ಟಿದ ಮರಿಯ ಕರುಳಿನಲ್ಲಿ ನಿರುಪದ್ರವಿ ಬ್ಯಾಕ್ಟೀರಿಯಾಗಳು ಬಂದು ನೆಲೆಸುತ್ತವೆ. ತಾಯಿಯ ಪ್ರತಿಕಾಯ ಸಿಕ್ಕ ಮರಿಗಳ ರಕ್ಷಣಾ ಕೋಶಗಳು ಅವುಗಳ ತಂಟೆಗೆ ಅಷ್ಟಾಗಿ ಹೋಗಲಿಲ್ಲ. ಸಿಗದ ಮರಿಗಳಲ್ಲಿ ಅವೇ ಕೋಶಗಳು ಕೆರಳಿದವು. ಅಂದರೆ, ಅಮ್ಮನ ಪ್ರತಿಕಾಯ ಕಾಯುವುದರ ಜೊತೆಗೆ “ಎಲ್ಲರ ಹತ್ತಿರಾನೂ ಜಗಳ ಬೇಡ” ಅಂತ ಬುದ್ಧಿನೂ ಹೇಳುತ್ತೆ!

ಎಳೆತನದ ಪಾಠ ಎಷ್ಟು ಗಟ್ಟಿ ಎಂದು ತೋರಿಸಿದ ಪ್ರಸಿದ್ಧ ಪ್ರಯೋಗ ನಡೆದದ್ದು ನಮ್ಮ ಲಂಡನ್ನಿನಲ್ಲೇ. ಯೂನಿವರ್ಸಿಟಿ ಕಾಲೇಜಿನ ಪೀಟರ್ ಮೆಡವಾರ್, ರೂಪರ್ಟ್ ಬಿಲ್ಲಿಂಗ್‌ಹ್ಯಾಮ್ ಮತ್ತು ಲೆಸ್ಲಿ ಬ್ರೆಂಟ್, ಇನ್ನೂ ಹುಟ್ಟದ ಕಂದು ಇಲಿಮರಿಗಳಿಗೆ ಬಿಳಿ ಇಲಿಯ ಜೀವಕೋಶಗಳನ್ನು ಚುಚ್ಚಿದರು. ದೊಡ್ಡವಾದ ಮೇಲೆ ಅವಕ್ಕೆ ಬಿಳಿ ಇಲಿಯ ಚರ್ಮ ಕಸಿ ಮಾಡಿದಾಗ ಕೆಲವು ಇಲಿಗಳ ದೇಹ ಅದನ್ನು ತನ್ನದೇ ಎಂಬಂತೆ ಒಪ್ಪಿಕೊಂಡಿತು. ಸಾಮಾನ್ಯ ಇಲಿಯಾದರೆ ತಿರಸ್ಕರಿಸುತ್ತಿತ್ತು. ಈ ಸಂಶೋಧನೆ 1953ರಲ್ಲಿ ಪ್ರಕಟವಾಯಿತು. 1960ರಲ್ಲಿ ಮೆಡವಾರ್ ಅವರಿಗೆ, ಆಸ್ಟ್ರೇಲಿಯಾದ ಬರ್ನೆಟ್ ಅವರ ಜೊತೆ ನೊಬೆಲ್ ಬಂತು.

ಇಲಿಯಲ್ಲಿ ಕಂಡದ್ದೆಲ್ಲ ಮನುಷ್ಯರಿಗೂ ಹಾಗೇ ಅನ್ವಯಿಸುವುದಿಲ್ಲ. ಆದರೆ ಅಮ್ಮನ ಪ್ರತಿಕಾಯ ಪುಟ್ಟ ಮಗುವಿನ ಜೀವ ಉಳಿಸುತ್ತದೆ ಎಂಬುದು ಖಚಿತ. ನಾಯಿಕೆಮ್ಮು ಹಸುಗೂಸುಗಳಿಗೆ ಬಹಳ ಅಪಾಯಕಾರಿ. ಇಲ್ಲಿ ಮಗುವಿಗೆ ಅದರ ಲಸಿಕೆ ಶುರುವಾಗುವುದೇ 8 ವಾರಕ್ಕೆ. ಅಲ್ಲಿಯವರೆಗೆ ಯಾರು ಕಾಯಬೇಕು? ಅದಕ್ಕೇ 2012ರಿಂದ ಬ್ರಿಟನ್ನಿನಲ್ಲಿ ಗರ್ಭಿಣಿಯರಿಗೇ ಈ ಲಸಿಕೆ ಕೊಡುತ್ತಿದ್ದಾರೆ. ಅಮ್ಮನ ದೇಹ ಪ್ರತಿಕಾಯ ತಯಾರಿಸಿ ಹೊಟ್ಟೆಯಲ್ಲಿರುವ ಮಗುವಿಗೆ ದಾಟಿಸುತ್ತದೆ. 2024ರಿಂದ ಆರ್‌ಎಸ್‌ವಿ ಲಸಿಕೆಯೂ ಸೇರಿದೆ.

ಪೋಷಕರೇ, ಮನೆಗೆ ಪುಟಾಣಿ ಬರುವುದಿದ್ದರೆ ಮಿಡ್‌ವೈಫ್ ಹತ್ತಿರ ಇದನ್ನು ತಪ್ಪದೆ ಕೇಳಿ. ಮಕ್ಕಳೇ, ಇಲ್ಲೇ ಹುಟ್ಟಿದವರು ನಿಮ್ಮ ರೆಡ್ ಬುಕ್ ತೆಗೆಸಿ ಮೊದಲ ಚುಚ್ಚುಮದ್ದಿನ ದಿನಾಂಕ ನೋಡಿ. ಅದಕ್ಕೂ ಹಿಂದಿನ ದಿನಗಳಲ್ಲಿ ನಿಮ್ಮನ್ನು ಕಾದದ್ದು ಅಮ್ಮ ಕೊಟ್ಟದ್ದು.