ಹಸುಗೂಸಿನ ಮೈ ಹೇಳುವ ಮಾತು



ನಿಮ್ಮಲ್ಲಿ ಹಲವರು ಈಗ ತಾಯ್ತಂದೆಯರಾಗುವ ವಯಸ್ಸಿನವರು. ಊರಿನಿಂದ ಅಜ್ಜಿ ಬಾಣಂತನಕ್ಕೆ ಬಂದು ತಿಂಗಳುಗಟ್ಟಲೆ ಇರುವುದು ಈಗ ಎಲ್ಲರಿಗೂ ಸಿಗುವ ಭಾಗ್ಯವಲ್ಲ. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಮಗುವಿನ ಮೈಮೇಲೆ ಕಂಡ ಪ್ರತಿಯೊಂದು ಕಲೆಗೂ ಗಾಬರಿಯಾಗುತ್ತದೆ. ನಾನು ವೈದ್ಯೆಯಲ್ಲ, ಇಂಗ್ಲಿಷ್ ಬಿ.ಎ. ಮಾಡಿದ ಗೃಹಿಣಿ. ಚೆಂಬೂರಿನಲ್ಲಿ ಎರಡು ಮಕ್ಕಳನ್ನು ಬೆಳೆಸುವಾಗ ಕಲಿತದ್ದನ್ನು ಹೇಳುತ್ತೇನೆ, ಕೇಳಿ.

ಮೊದಲು, ಹೆದರಬೇಕಿಲ್ಲದ ಸಂಗತಿಗಳು. ನಮ್ಮ ಮಕ್ಕಳ ಸೊಂಟದ ಕೆಳಗೆ ಕಾಣುವ ನೀಲಿ ಮಚ್ಚೆ ಪೆಟ್ಟಿನ ಗುರುತಲ್ಲ, ಕೆಲವು ವರ್ಷಗಳಲ್ಲಿ ತಾನೇ ಮಾಸುತ್ತದೆ. ಮೂಗಿನ ಮೇಲಿನ ಬಿಳಿ ಚುಕ್ಕೆಗಳೂ, ಎರಡನೆಯ ಮೂರನೆಯ ದಿನ ಏಳುವ ಕೆಂಪು ಗುಳ್ಳೆಗಳೂ ಹಾಗೆಯೇ. ಗಂಡಾಗಲಿ ಹೆಣ್ಣಾಗಲಿ, ಮಗುವಿನ ಎದೆ ಊದಿ ಹಾಲಿನಂಥ ಹನಿ ಬರಬಹುದು. ಹೆಣ್ಣುಮಗುವಿಗೆ ಮೊದಲ ವಾರ ಒಂದೆರಡು ಹನಿ ರಕ್ತ ಕಾಣಬಹುದು. ತಾಯಿಯ ಹಾರ್ಮೋನುಗಳೇ ಇದಕ್ಕೆ ಕಾರಣ. ಯಾರು ಹೇಳಿದರೂ ಎದೆಯನ್ನು ಹಿಂಡಬೇಡಿ, ಹಿಂಡಿದರೆ ಕೀವಾಗುತ್ತದೆ. ತೂಕವೂ ಮೊದಲು ಸ್ವಲ್ಪ ಇಳಿದು, ಎರಡು ವಾರದೊಳಗೆ ಸಾಮಾನ್ಯವಾಗಿ ಹುಟ್ಟಿದಾಗಿನಷ್ಟಕ್ಕೆ ಬರುತ್ತದೆ. ಶೇ. 10ಕ್ಕಿಂತ ಹೆಚ್ಚು ಇಳಿದರೆ ವೈದ್ಯರು ನೋಡಬೇಕು. ಹೊಕ್ಕುಳಬಳ್ಳಿಗೆ ಬೂದಿ, ಎಣ್ಣೆ ಏನೂ ಬೇಡ, ಒಣಗಿದ್ದರೆ ಸಾಕು. ಜೇನನ್ನೂ ನೆಕ್ಕಿಸಬೇಡಿ. ಮಗುವಿಗೆ ಎದೆಹಾಲೇ ಆಹಾರ. ಅದರ ಬೆಲೆ ಅರಿತೇ 1989ರಲ್ಲಿ ಡಾ. ಆರ್ಮಿಡಾ ಫರ್ನಾಂಡಿಸ್ ಅವರು ನಮ್ಮ ಪಕ್ಕದ ಸಾಯನ್ ಆಸ್ಪತ್ರೆಯಲ್ಲಿ ಏಷ್ಯಾದ ಮೊದಲ ತಾಯಿಹಾಲಿನ ಬ್ಯಾಂಕನ್ನು ಆರಂಭಿಸಿದರು.

ಇನ್ನು ಅರಸಿನ ಕಾಮಾಲೆ. ದಿನ ತುಂಬಿ ಹುಟ್ಟಿದ ಮಕ್ಕಳಲ್ಲೂ ಅರ್ಧಕ್ಕಿಂತ ಹೆಚ್ಚಿನವರಿಗೆ ಎರಡು-ಮೂರನೆಯ ದಿನ ಮೈ ಹಳದಿಯಾಗುತ್ತದೆ. ಎಳೆಯ ಯಕೃತ್ತಿಗೆ ಬಿಲಿರುಬಿನ್ ಎಂಬ ಹಳದಿ ವಸ್ತುವನ್ನು ಬೇಗ ಹೊರಹಾಕಲು ಬಾರದು. ಬಹುತೇಕ ಮಕ್ಕಳಿಗೆ ಎರಡು ವಾರದೊಳಗೆ ಅದು ತಾನೇ ಇಳಿಯುತ್ತದೆ. ಆದರೆ ಮಿತಿ ಮೀರಿದರೆ ಮಿದುಳಿಗೆ ಹಾನಿಯಾಗಬಹುದು, ಕಿವಿಯೂ ಕೇಳದಂತಾಗಬಹುದು.

ನನ್ನ ಮೊದಲ ಮಗ ಹುಟ್ಟಿದ್ದು 1996ರ ಜುಲೈಯ ಜಡಿಮಳೆಯಲ್ಲಿ. ಟ್ಯೂಬ್‌ಲೈಟಿನ ಬೆಳಕಿನಲ್ಲಿ ನಮಗೆ ಹಳದಿ ಕಾಣಲೇ ಇಲ್ಲ. ಕಂಡ ಮೇಲೆ ನೆರೆಹೊರೆಯವರೆಲ್ಲ, "ಬೆಳಗಿನ ಬಿಸಿಲಿಗೆ ಹಿಡಿಯಿರಿ" ಎಂದರು. ಆ ಮಳೆಯಲ್ಲಿ ಬಿಸಿಲೆಲ್ಲಿಂದ ಬರಬೇಕು? ಉಡುಪಿ ಕಡೆಯಿಂದ ಬಂದಿದ್ದ ನನ್ನ ಅಮ್ಮ ಮಾತ್ರ, "ಬಣ್ಣ ಬಿಡು, ಮಗು ಹಾಲಿಗೇ ಏಳುವುದಿಲ್ಲವಲ್ಲ. ನಡಿ ಆಸ್ಪತ್ರೆಗೆ" ಎಂದು ಎಬ್ಬಿಸಿಕೊಂಡು ಹೊರಟರು. ಎರಡು ದಿನ ನೀಲಿ ದೀಪದಡಿ ಮಲಗಿಸಿದ ಮೇಲೆ ಮಗ ಕಣ್ಣರಳಿಸಿದ.

ಬಿಸಿಲಿನ ಮಾತು ಪೂರ್ತಿ ಸುಳ್ಳಲ್ಲ. 1956ರಲ್ಲಿ ಇಂಗ್ಲೆಂಡಿನ ರಾಚ್‌ಫರ್ಡ್ ಆಸ್ಪತ್ರೆಯ ದಾದಿ ಜೀನ್ ವಾರ್ಡ್, ಬಿಸಿಲು ಬಿದ್ದ ಕಡೆ ಮಗುವಿನ ಹಳದಿ ಮಾಸಿದ್ದನ್ನು ವೈದ್ಯರಿಗೆ ತೋರಿಸಿದರು. ಬೆಳಕಿನ ಚಿಕಿತ್ಸೆ ಹುಟ್ಟಿದ್ದು ಅಲ್ಲಿಂದಲೇ. ಆದರೆ ಬಿಸಿಲಿಗೆ ಅಳತೆಯಿಲ್ಲ, ದೀಪಕ್ಕೆ ಇದೆ. ಹಾಗಾಗಿ ಬಿಸಿಲನ್ನು ನಂಬಿ ಕೂರಬೇಡಿ. ಮಗುವನ್ನು ಕಿಟಕಿಯ ಹಗಲು ಬೆಳಕಿನಲ್ಲಿ ನೋಡಿ. ಮೂಗಿನ ತುದಿಯನ್ನು ಮೆಲ್ಲಗೆ ಒತ್ತಿ ಬಿಟ್ಟರೆ ಬಣ್ಣ ತಿಳಿಯುತ್ತದೆ.

ಇನ್ನೊಂದು ಮಾತು. ಪೆಟ್ಟಿಗೆಯಲ್ಲಿ ನುಸಿಗುಳಿಗೆ ಹಾಕಿಟ್ಟ ಹಳೆಯ ಬಟ್ಟೆಯನ್ನು ಮಗುವಿಗೆ ಹೊದೆಸಬೇಡಿ. ಜಿ-ಸಿಕ್ಸ್-ಪಿ-ಡಿ ಎಂಬ ಕಿಣ್ವದ ಕೊರತೆಯಿರುವ ಮಗುವಿಗೆ ಅದರಿಂದಲೇ ರಕ್ತಕಣ ಒಡೆದು ಕಾಮಾಲೆ ಏರಬಹುದು.

ತಡಮಾಡದೆ ಆಸ್ಪತ್ರೆಗೆ ಓಡಬೇಕಾದದ್ದು ಯಾವಾಗ? ಹುಟ್ಟಿದ 24 ಗಂಟೆಯೊಳಗೆ ಹಳದಿ ಕಂಡರೆ, ಅಂಗೈ, ಅಂಗಾಲು ಹಳದಿಯಾದರೆ, ಹಾಲಿಗೆ ಏಳದಿದ್ದರೆ, ಮೈ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಅಥವಾ ತಣ್ಣಗಾದರೆ, ಉಸಿರು ನಿಮಿಷಕ್ಕೆ 60 ದಾಟಿದರೆ, ಫಿಟ್ಸ್ ಬಂದರೆ, ಹೊಕ್ಕುಳ ಸುತ್ತ ಕೆಂಪಾಗಿ ವಾಸನೆ ಬಂದರೆ. ಎರಡು ವಾರದ ಮೇಲೂ ಹಳದಿ ಉಳಿದು ಮಲ ಸುಣ್ಣದಂತೆ ಬಿಳಿಚಿದರೆ, ಪಿತ್ತನಾಳ ಮುಚ್ಚಿರಬಹುದು. ಅದರ ಶಸ್ತ್ರಚಿಕಿತ್ಸೆಯಲ್ಲಿ ಒಂದೊಂದು ವಾರವೂ ಅಮೂಲ್ಯ.

ಅಮ್ಮ ಶಾಲೆ ಕಲಿತವರಲ್ಲ, ಆದರೆ ಮಗುವನ್ನು ನೋಡುವುದು ಅವರಿಗೆ ಗೊತ್ತಿತ್ತು. ನಿಮ್ಮ ಕೈಯಲ್ಲಿ ಫೋನ್ ಇದೆ, ಹತ್ತಿರದಲ್ಲಿ ಆಸ್ಪತ್ರೆಯಿದೆ. ಅಮ್ಮನ ಆ ಕಣ್ಣೊಂದು ನಿಮಗೂ ಇರಲಿ.