ನೆರೆ ಬಂದಾಗ ಮೊದಲು ಬರುವುದು ನೆರೆಮನೆಯವರೇ



ಮಳೆಗಾಲದ ಒಂದು ರಾತ್ರಿ ಹೊಳೆ ನೀರು ಓಣಿಗೆ ನುಗ್ಗಿದೆ ಅಂತ ಇಟ್ಟುಕೊಳ್ಳಿ. ಕರೆಂಟಿಲ್ಲ. ಜೀಪು ಬರಬೇಕಾದ ರಸ್ತೆಯೇ ಮುಳುಗಿದೆ. ಮೂಲೆಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿಯನ್ನು ಎತ್ತಿ ತರುವವರು ಯಾರು? ಪಕ್ಕದ ಮನೆಯವರೇ ಅಲ್ವಾ?

2009ರಲ್ಲಿ ಉತ್ತರ ಕರ್ನಾಟಕದ ನೆರೆ, 2018ರಲ್ಲಿ ಕೊಡಗಿನ ಭೂಕುಸಿತ, 2019ರಲ್ಲಿ ಬೆಳಗಾವಿ, ಬಾಗಲಕೋಟೆಗಳ ಪ್ರವಾಹ – ಇವನ್ನೆಲ್ಲಾ ನಾವು ಕಂಡಿದ್ದೇವೆ. ಮತ್ತೆ ಬರೋದಿಲ್ಲ ಅಂತ ಹೇಳುವ ಹಾಗಿಲ್ಲ.

“ಅದೆಲ್ಲಾ ಸರಕಾರದ ಕೆಲಸ, ನಮಗ್ಯಾಕೆ?” ಎಂದು ಕೆಲವರು ಕೇಳಬಹುದು. ಸರಕಾರದ ಕೆಲಸ ಹೌದು. 2005ರ ವಿಪತ್ತು ನಿರ್ವಹಣಾ ಕಾಯ್ದೆಯಂತೆ ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಒಂದು ಪ್ರಾಧಿಕಾರವಿದೆ. ಸ್ಥಳೀಯ ಸಂಸ್ಥೆಗಳಿಗೂ ಜವಾಬ್ದಾರಿ ಇದೆ. ದೋಣಿ, ಗಂಜಿ ಕೇಂದ್ರ, ಪರಿಹಾರ ಎಲ್ಲಾ ಅವರಿಂದಲೇ ಬರಬೇಕು. ಆದರೆ ಯಾವ ಮನೆಯಲ್ಲಿ ತುಂಬು ಗರ್ಭಿಣಿ ಇದ್ದಾಳೆ, ಯಾರಿಗೆ ಕಿವಿ ಕೇಳಿಸದು ಎಂಬುದು ಆಫೀಸಿನ ಕಡತಕ್ಕಿಂತ ನಮಗೆ ಚೆನ್ನಾಗಿ ಗೊತ್ತು. ಈ ಎರಡೂ ಸೇರಿದರೆ ಜೀವ ಉಳಿಯುತ್ತದೆ.

ಒಡಿಶಾ ರಾಜ್ಯವನ್ನೇ ನೋಡಿ. 1999ರ ಚಂಡಮಾರುತದಲ್ಲಿ ಅಲ್ಲಿ ಸುಮಾರು 10 ಸಾವಿರ ಜನ ಸತ್ತರು. ಆಮೇಲೆ ಸರಕಾರ ಆಶ್ರಯ ಕಟ್ಟಡಗಳನ್ನು ಕಟ್ಟಿತು, ಮುನ್ನೆಚ್ಚರಿಕೆ ಸುಧಾರಿಸಿತು. ಊರೂರಿನ ಜನ ಸಮಿತಿ ಮಾಡಿಕೊಂಡು ತರಬೇತಿ ಪಡೆದರು. 2013ರಲ್ಲಿ ‘ಫೈಲಿನ್’ ಎಂಬ ಭಾರೀ ಚಂಡಮಾರುತ ಬಂದಾಗ ಲಕ್ಷಾಂತರ ಜನರನ್ನು ಮೊದಲೇ ಸಾಗಿಸಲಾಯಿತು. ಸತ್ತವರ ಸಂಖ್ಯೆ ನೂರು ದಾಟಲಿಲ್ಲ.

ನಮ್ಮ ಸಂಘ ಏನು ಮಾಡಬಹುದು?

1. ನಕ್ಷೆ: ನೆಲದ ಮೇಲೆ ರಂಗೋಲಿ ಪುಡಿಯಲ್ಲೇ ಓಣಿಯ ನಕ್ಷೆ ಬರೆಯಿರಿ. ನೀರು ಮೊದಲು ಎಲ್ಲಿ ನುಗ್ಗುತ್ತದೆ, ಎತ್ತರದ ಜಾಗ ಯಾವುದು, ರಾತ್ರಿ ಹೋಗುವ ದಾರಿ ಯಾವುದು ಗುರುತಿಸಿ. ಹಿರಿಯರನ್ನು ಕೇಳಿ, ಹಳೇ ನೆರೆಯ ಗುರುತು ಅವರಿಗೆ ಗೊತ್ತು.

2. ಪಟ್ಟಿ: ವೃದ್ಧರು, ಬಾಣಂತಿಯರು, ಅಂಗವಿಕಲರು, ಒಂಟಿ ಮಹಿಳೆಯರು ಇರುವ ಮನೆಗಳನ್ನು ಪುಸ್ತಕದಲ್ಲಿ ಬರೆದಿಡಿ. ಸಂಘದಲ್ಲಿ ಇಲ್ಲದವರನ್ನೂ ಬಿಡಬೇಡಿ.

3. ಹೊಣೆ: ಅಂಥ ಒಂದೊಂದು ಮನೆಗೂ ಇಬ್ಬರ ಹೆಸರು ಹಚ್ಚಿ. ಒಬ್ಬರು ಊರಲ್ಲಿ ಇಲ್ಲದಿದ್ದರೆ ಇನ್ನೊಬ್ಬರು ಹೋಗಬೇಕು.

4. ಗಂಟು: ರೇಷನ್ ಕಾರ್ಡು, ಆಧಾರ್, ಪಾಸ್ ಪುಸ್ತಕ, ದಿನದ ಔಷಧಿ, ಟಾರ್ಚು – ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕೈಗೆ ಸಿಗುವಲ್ಲಿಡಿ. ಕಾಗದಪತ್ರ ಹೋದರೆ ಪರಿಹಾರಕ್ಕೆ ಅಲೆಯಬೇಕಾದೀತು.

5. ದನಕರು: “ಹಸು ಬಿಟ್ಟು ಹೇಗೆ ಬರ್ಲಿ?” ಎಂದು ಮನೆಯಲ್ಲೇ ಉಳಿದು ಅಪಾಯಕ್ಕೆ ಸಿಕ್ಕುವವರಿದ್ದಾರೆ. ಆದ್ದರಿಂದ ದನ ಕಟ್ಟುವ ಎತ್ತರದ ಜಾಗವನ್ನೂ ಮೊದಲೇ ಗೊತ್ತುಮಾಡಿ. ಹೊತ್ತಿಲ್ಲದಿದ್ದರೆ ಹಗ್ಗ ಬಿಚ್ಚಿ ಬಿಡಿ.

6. ಪಂಚಾಯಿತಿ: ನಕ್ಷೆ ಮತ್ತು ಪಟ್ಟಿಯ ಪ್ರತಿಯನ್ನು ಅಭಿವೃದ್ಧಿ ಅಧಿಕಾರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಚರಂಡಿ ಹೂಳು ತೆಗೆಸುವುದು, ಶಾಲೆಯ ಬೀಗದ ಕೈ ಯಾರ ಹತ್ತಿರ ಇರಬೇಕು ಎಂಬುದು – ಇವನ್ನು ವಾರ್ಡ್ ಸಭೆ, ಗ್ರಾಮ ಸಭೆಯಲ್ಲಿ ಕೇಳಿ ಠರಾವು ಮಾಡಿಸಿ. ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರನ್ನೂ ಜೊತೆಗೆ ಸೇರಿಸಿಕೊಳ್ಳಿ.

ತುರ್ತಿಗೆ 112, ಆಂಬುಲೆನ್ಸಿಗೆ 108, ಜಿಲ್ಲಾ ನಿಯಂತ್ರಣ ಕೊಠಡಿಗೆ 1077 – ಈ ನಂಬರುಗಳನ್ನು ಗೋಡೆಯ ಮೇಲೆ ಬರೆದಿಡಿ. ಮಕ್ಕಳಿಗೂ ಕಲಿಸಿ.

ಒಂದು ಮಾತು ನೆನಪಿರಲಿ. ನಾವು ತಯಾರಾಗುವುದು ಸರಕಾರದ ಹೊಣೆಯನ್ನು ಕಡಿಮೆ ಮಾಡಲಿಕ್ಕಲ್ಲ. ಸಹಾಯ ಬರುವವರೆಗೆ ಜೀವ ಉಳಿಸಲಿಕ್ಕೆ. ಹರಿಯುವ ನೀರಿಗೆ ಇಳಿಯುವ ಸಾಹಸ ಯಾರೂ ಮಾಡಬಾರದು. ನಮ್ಮ ಕೆಲಸ ನೀರು ಬರುವ ಮೊದಲೇ ಆಗಬೇಕು.

ವಾರ ವಾರ ಹತ್ತು ರೂಪಾಯಿ ಕೂಡಿಡುವುದನ್ನು ಕಲಿತ ನಮಗೆ ಇದೇನು ಕಷ್ಟವಲ್ಲ. ಇದೂ ಒಂದು ಉಳಿತಾಯವೇ.

ಸಭೆಯಲ್ಲಿ ಚರ್ಚಿಸಿರಿ:
- ನಮ್ಮ ಓಣಿಯಲ್ಲಿ ತಾವಾಗಿ ನಡೆಯಲಾಗದವರು ಎಷ್ಟು ಮಂದಿ?
- ಅವರ ಮನೆಗೆ ಹೋಗುವವರು ಯಾರು?
- ಮುಂದಿನ ಗ್ರಾಮ ಸಭೆಯಲ್ಲಿ ನಾವು ಏನು ಕೇಳಬೇಕು?