ತನ್ನದೇ ರಂಗಸ್ಥಳ ಹೊತ್ತು ಬರುವ ತಂತ್ರಾಂಶ

ಮನೆಯ ಕಂಪ್ಯೂಟರಿಗೆಂದು ಬರೆದ ತಂತ್ರಾಂಶ ಅಪ್ಪನ ಮೊಬೈಲಿನಲ್ಲಿ ಏಕೆ ನಡೆಯುವುದಿಲ್ಲ? ವಿಂಡೋಸ್, ಲಿನಕ್ಸ್, ಆಂಡ್ರಾಯ್ಡ್, ಐಫೋನ್ – ಒಂದೊಂದಕ್ಕೂ ತನ್ನದೇ ಆದ ಗುಂಡಿ, ಪಟ್ಟಿ, ಕಿಟಕಿಗಳುಂಟು. ಹೀಗಾಗಿ ಒಂದೇ ಕೆಲಸವನ್ನು ನಾಲ್ಕು ಬಾರಿ ಬರೆಯಬೇಕಾಗುತ್ತದೆ. ಈ ಶ್ರಮ ತಪ್ಪಿಸುವ ಒಂದು ಉಪಾಯ ವಿಡಿಯೋ ಆಟಗಳ ಲೋಕದಿಂದ ಬಂದಿದೆ.

ಯಕ್ಷಗಾನದ ಡೇರೆ ಮೇಳವನ್ನು ನೆನಪಿಸಿಕೊಳ್ಳಿ. ಊರಿನಲ್ಲಿ ರಂಗಮಂದಿರ ಇದೆಯೇ ಎಂದು ಅದು ಕೇಳುವುದಿಲ್ಲ. ರಂಗಸ್ಥಳ, ದೀಪ, ಡೇರೆ ಎಲ್ಲವನ್ನೂ ಹೇರಿಕೊಂಡೇ ಬರುತ್ತದೆ. ಅದಕ್ಕೆ ಬೇಕಾದದ್ದು ಖಾಲಿ ಬಯಲು ಮಾತ್ರ. ಗೇಮ್ ಎಂಜಿನ್ ಮಾಡುವುದೂ ಇದನ್ನೇ. ಯಂತ್ರದಿಂದ ಅದು ಖಾಲಿ ಪರದೆಯೊಂದನ್ನು ಪಡೆದು, ಗುಂಡಿಯಿಂದ ಹಿಡಿದು ಅಕ್ಷರದವರೆಗೆ ಎಲ್ಲವನ್ನೂ ತಾನೇ ಚಿತ್ರಿಸುತ್ತದೆ. ಆದ್ದರಿಂದ ಎಲ್ಲ ಕಡೆಯೂ ಒಂದೇ ನೋಟ. 2014ರಲ್ಲಿ ಮುಕ್ತ ತಂತ್ರಾಂಶವಾದ ‘ಗೊಡೋ’ ಎಂಜಿನ್ ಇದಕ್ಕೆ ಒಳ್ಳೆಯ ಉದಾಹರಣೆ. ಆಟ ಕಟ್ಟಲು ಬಳಸುವ ಅದರ ಸಂಪಾದಕವೇ ಅದೇ ಎಂಜಿನ್ನಿನಿಂದ ರಚಿತವಾಗಿದೆ!

ಪುಟ್ಟ ಭಾಷೆ, ದೊಡ್ಡ ಶಕ್ತಿ

ರಂಗಸ್ಥಳ ಸಿದ್ಧವಾಯಿತು. ಇನ್ನು ಆಟ ನಡೆಸುವ ಭಾಗವತ ಬೇಕಲ್ಲ? ಅದಕ್ಕೆ ಕೆಲವರು ಆರಿಸಿಕೊಂಡದ್ದು ‘ಸ್ಕೀಮ್’ ಭಾಷೆಯನ್ನು. ಅಮೆರಿಕದ ಎಂಐಟಿಯಲ್ಲಿ ಜೆರಾಲ್ಡ್ ಸಸ್‌ಮನ್ ಮತ್ತು ಗೈ ಸ್ಟೀಲ್ 1975ರಲ್ಲಿ ರೂಪಿಸಿದ ಭಾಷೆಯಿದು. 1998ರಲ್ಲಿ ಪ್ರಕಟವಾದ ಇದರ ಸಂಪೂರ್ಣ ವಿವರಣೆ ಸುಮಾರು 50 ಪುಟ ಮಾತ್ರ. ಇಲ್ಲಿ 2+3 ಎಂಬುದನ್ನು (+ 2 3) ಎಂದು ಬರೆಯುತ್ತಾರೆ. (* 4 (+ 2 3)) ಎಂದರೆ 20. ಆವರಣದೊಳಗೆ ಆವರಣ, ಅಷ್ಟೇ ವ್ಯಾಕರಣ!

ಇದರಲ್ಲಿ ಒಂದು ವಿಶೇಷವಿದೆ. ಸಂಖ್ಯೆಯನ್ನು ಕೊಟ್ಟು ತೆಗೆದುಕೊಳ್ಳುವಂತೆ ಒಂದು ಕ್ರಿಯೆಯನ್ನೇ ಕೊಟ್ಟು ತೆಗೆದುಕೊಳ್ಳಬಹುದು. ‘ಈ ಗುಂಡಿ ಒತ್ತಿದಾಗ ಹೀಗೆ ಮಾಡು’ ಎಂಬ ಸೂಚನೆಯನ್ನು ಗುಂಡಿಯ ಕೈಗೇ ಒಪ್ಪಿಸಿಬಿಡಬಹುದು. ಪರದೆಯ ಕೆಲಸವೆಲ್ಲ ಇಂಥ ಸೂಚನೆಗಳ ಸರಮಾಲೆಯೇ ಅಲ್ಲವೆ?

ಭಾಷೆಗೂ ಎಂಜಿನ್ನಿಗೂ ನಡುವಿನ ಸೇತುವೆ ‘ಸಿ’ ಭಾಷೆ. ಕೆನಡಾದ ಮಾರ್ಕ್ ಫೀಲಿ ರಚಿಸಿದ ‘ಗ್ಯಾಂಬಿಟ್’, ಸ್ಕೀಮ್ ಬರಹವನ್ನು ಸಿ ಭಾಷೆಗೆ ಪರಿವರ್ತಿಸುತ್ತದೆ. ಸಿ ಅರ್ಥವಾಗದ ಯಂತ್ರ ಅಪರೂಪ. ಆ ದೇಶದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಇದೇ ಗ್ಯಾಂಬಿಟ್ ಆಧರಿಸಿ ‘ಲ್ಯಾಂಬ್ಡಾನೇಟಿವ್’ ಎಂಬ ವ್ಯವಸ್ಥೆ ಬೆಳೆಯಿತು. ಆಟಗಳು ಬಳಸುವ ಓಪನ್‌ಜಿಎಲ್ ಚಿತ್ರಣದಿಂದಲೇ ಪರದೆ ಬರೆದು, ಆರೋಗ್ಯ ಕ್ಷೇತ್ರದ ಮೊಬೈಲ್ ತಂತ್ರಾಂಶಗಳನ್ನು ಅದರಲ್ಲಿ ಕಟ್ಟಿದರು. ಆಟಗಳಲ್ಲೂ ಸ್ಕೀಮ್ ಹೊಸತಲ್ಲ. 2007ರ ‘ಅನ್‌ಚಾರ್ಟೆಡ್’ ಆಟದ ತಯಾರಿಯಲ್ಲಿ ಸಿ++ ಜೊತೆಗೆ ಅದೂ ದುಡಿದಿತ್ತು.

ತೊಡಕು ಎಲ್ಲಿ?

ಸ್ವಂತ ರಂಗಸ್ಥಳ ತಂದವರು ಅದರ ಹೊರೆಯನ್ನೂ ಹೊರಬೇಕು. ಇಂಗ್ಲಿಷ್ ಅಕ್ಷರಗಳನ್ನು ಸಾಲಾಗಿ ಜೋಡಿಸಿದರೆ ಸಾಕು. ಕನ್ನಡದಲ್ಲಿ ಹಾಗಲ್ಲ. ‘ಸ್ತ್ರೀ’ ಎಂಬ ಒಂದು ಅಕ್ಷರದಲ್ಲಿ ಸಕಾರದ ಜೊತೆಗೆ ಎರಡು ಒತ್ತು, ಒಂದು ದೀರ್ಘ. ಇವನ್ನು ಕೂಡಿಸುವ ವಿದ್ಯೆ ಎಂಜಿನ್ನಿಗೆ ಗೊತ್ತಿಲ್ಲದಿದ್ದರೆ ಒತ್ತಕ್ಷರ ಚೂರುಚೂರಾಗುತ್ತದೆ. ಗೊಡೋ ಈ ವಿದ್ಯೆ ಕಲಿತದ್ದು 2023ರ ನಾಲ್ಕನೆಯ ಆವೃತ್ತಿಯಲ್ಲಿ.

ಇನ್ನೊಂದು ಸಂಗತಿ ಇದಕ್ಕಿಂತ ಗಂಭೀರವಾದದ್ದು. ದೃಷ್ಟಿಯಿಲ್ಲದವರಿಗಾಗಿ ಪರದೆಯನ್ನು ಓದಿ ಹೇಳುವ ತಂತ್ರಾಂಶಗಳಿವೆ. ಯಂತ್ರದ ಸ್ವಂತ ಗುಂಡಿಯನ್ನು ಅವು ಗುರುತಿಸಬಲ್ಲವು. ಎಂಜಿನ್ ಬರೆದ ಗುಂಡಿ ಅವುಗಳಿಗೆ ಬರೀ ಬಣ್ಣದ ಚಿತ್ರ. ಗೊಡೋದಲ್ಲಿ ಇದಕ್ಕೆ ಪರಿಹಾರ ಮೊದಲಾದದ್ದು 2025ರಲ್ಲಿ.

ಗೊಡೋ, ಗ್ಯಾಂಬಿಟ್ ಎರಡೂ ಉಚಿತ. ‘ಯಾವ ಭಾಷೆ ಕಲಿತರೆ ಕೆಲಸ ಸಿಗುತ್ತದೆ?’ ಎಂದು ಕೇಳುವ ಪೋಷಕರು ಒಂದು ಮಾತು ಗಮನಿಸಬೇಕು. ಭಾಷೆಗಳು ಬದಲಾಗುತ್ತವೆ. ಯೋಚಿಸುವ ಭಾಗ ಒಂದೆಡೆ, ಚಿತ್ರಿಸುವ ಭಾಗ ಇನ್ನೊಂದೆಡೆ ಎಂಬ ವಿಂಗಡಣೆಯ ಅರಿವು ಮಾತ್ರ ಕೈಬಿಡುವುದಿಲ್ಲ. ಮಗ ಅಥವಾ ಮಗಳು ಮೊದಲಿಗೆ ಕನ್ನಡದಲ್ಲಿ ಒಂದು ಮಗ್ಗಿ ಪುಸ್ತಕ ಮಾಡಲಿ. ಅದು ಎರಡು ಬಗೆಯ ಯಂತ್ರಗಳಲ್ಲಿ ಓಡಲಿ. ಒತ್ತಕ್ಷರ ಸರಿಯಾಗಿದೆಯೇ, ಕಣ್ಣು ಮುಚ್ಚಿ ಕುಳಿತವರಿಗೂ ಅದು ಕೇಳಿಸುತ್ತದೆಯೇ ಎಂದು ಪರೀಕ್ಷಿಸಿ ನೋಡಲಿ.